ಚಪ್ಪಾಳೆ ತಟ್ಟಿದವರು

ಮೂರ್ಛೆರೋಗ ನನಗೆ ಚಿಕ್ಕಂದಿನಿಂದಲೂ ಇತ್ತು. ಮದುವೆಗೆ ಮುಂಚೆಯೇ ಅಪ್ಪ ಅದನ್ನು ಗಂಡಿನವರಿಗೆ ಹೇಳಿದ್ದರು. ದಿನವೂ ಮಾತ್ರೆ ನುಂಗುತ್ತಿದ್ದುದರಿಂದ ಬನವಾಸಿಯ ಅತ್ತೆ ಮನೆಯಲ್ಲಿ ಅದು ಒಮ್ಮೆಯೂ ಬಂದಿರಲಿಲ್ಲ. ನಮ್ಮ ಬಟ್ಟೆ ಅಂಗಡಿಯ ಮೂಲೆಯಲ್ಲಿ ಕೂತು ನಾನು ರವಿಕೆ ಹೊಲಿಯುತ್ತಿದ್ದೆ.

ಶಿರಸಿಯ ಕಲ್ಯಾಣಮಂಟಪವೊಂದರಲ್ಲಿ ಯೋಗ ಶಿಬಿರ ಶುರುವಾದಾಗ ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ಮಾತ್ರೆಯಿಂದ ಮೆದುಳು ಮಂಕಾಗುತ್ತದೆ, ಉಸಿರೇ ಅದನ್ನು ತೊಳೆಯುತ್ತದೆ ಎಂದರು ಗುರುಗಳು. ಮನೆಗೆ ಬಂದವರೇ ಅತ್ತೆ ನನ್ನ ಮಾತ್ರೆಗಳನ್ನು ಒಲೆಗೆ ಹಾಕಿದರು. "ಇನ್ನ ಗುಳಗಿ ಬ್ಯಾಡ. ಹೇಳಿದಂಗ ಉಸಿರಾಡು, ಸಾಕು."

ಕೆಲವೇ ದಿನಗಳಲ್ಲಿ, ಶಿಬಿರದಲ್ಲಿ ಕಣ್ಣು ಮುಚ್ಚಿ ರಭಸದಿಂದ ಉಸಿರು ಬಿಡುತ್ತಿದ್ದಾಗ ಬೆರಳುಗಳು ಜುಮುಗುಟ್ಟಿದವು. ಆಮೇಲಿನದು ನನಗೆ ನೆನಪಿಲ್ಲ. ಯಾರೋ ತೆಗೆದ ವಿಡಿಯೋವನ್ನು ಗಂಡ ತೋರಿಸಿದ ಮೇಲೆ ಎಲ್ಲ ತಿಳಿಯಿತು. ನಾನು ಜಮಖಾನದ ಮೇಲೆ ಬಿದ್ದು ಒದ್ದಾಡುತ್ತಿದ್ದೇನೆ. ಬಾಯಲ್ಲಿ ರಕ್ತ, ಸೀರೆ ಒದ್ದೆ. ಗುರುಗಳು ಮೈಕಿನಲ್ಲಿ ಕೂಗುತ್ತಿದ್ದಾರೆ: "ಯಾರೂ ಮುಟ್ಟಬೇಡಿ! ಶಕ್ತಿ ಏಳುತ್ತಿದೆ. ಚಪ್ಪಾಳೆ ತಟ್ಟಿ!" ಎಲ್ಲರಿಗಿಂತ ಮೊದಲು ತಟ್ಟಿದವರು ನನ್ನ ಅತ್ತೆ.

ಗಂಡ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ತಲೆಗೆ ವೈರುಗಳನ್ನು ಅಂಟಿಸಿ, ಜೋರಾಗಿ ಉಸಿರಾಡಲು ಹೇಳಿದರು. ನಾನು ಹೆದರಿ ಅತ್ತುಬಿಟ್ಟೆ.

"ಹಿಂಗ ಉಸಿರಾಡಿದ್ರ ಮೆದುಳಿಗೆ ಹೋಗೋ ರಕ್ತ ಕಡಿಮಿ ಆಗತೈತಿ. ಒಳಗಿನ ರೋಗ ಕಾಣಿಸ್ಲಿ ಅಂತ ನಾವೂ ಮಾಡಸ್ತೀವಿ. ಆದ್ರ ಇಂಜೆಕ್ಷನ್ ಕೈಯಾಗ ಹಿಡಕೊಂಡು ಮಾಡಸ್ತೀವಿ," ಎಂದರು ಡಾಕ್ಟರು. ಮತ್ತೆ ಮಾತ್ರೆ ಬರೆದುಕೊಟ್ಟರು. ನಿಧಾನದ ಉಸಿರಾಟವಾದರೆ ಮಾಡಬಹುದು ಎಂದರು. ಅತ್ತೆ ಮಾತ್ರ, "ಅಕಿಗೆ ಪುಣ್ಯಾ ಇರಲಿಲ್ಲ, ಶಕ್ತಿ ಅರ್ಧಕ್ಕ ನಿಂತಿತು," ಎನ್ನುತ್ತಲೇ ಉಳಿದರು.

ಕಚ್ಚಿಕೊಂಡ ನಾಲಿಗೆ ಮಾಯಿತಾದರೂ ನನ್ನ ಮಾತು ತುಸು ತೊದಲಾಯಿತು. ವಿಡಿಯೋ ಊರೆಲ್ಲ ಸುತ್ತಿತು. ಅದನ್ನು ನೋಡಿದ ಒಬ್ಬ ಹೆಂಗಸು ಮೂರ್ಛೆ ಬರುವ ಮಗಳ ಕೈಹಿಡಿದು ಅಂಗಡಿಗೆ ಬಂದಳು.

"ಶಕ್ತಿ ಬಂದಾಕಿ ನೀನ ಏನವ್ವಾ?"

"ಅದು ಶಕ್ತಿ ಅಲ್ಲಕ್ಕಾ, ಮೂರ್ಛಿ. ಅಲ್ಲಿಗೆ ಹೋಗಬ್ಯಾಡ್ರಿ, ಮಗಳಿಗೆ ಗುಳಗಿ ತಪ್ಪಿಸಬ್ಯಾಡ್ರಿ," ಎಂದೆ.

ಅವಳು ನನ್ನ ಬಾಯನ್ನೇ ನೋಡಿದಳು. ಆಮೇಲೆ ಗಲ್ಲಾದಲ್ಲಿ ಕೂತಿದ್ದ ಅತ್ತೆಯ ಕಡೆ ಬಾಗಿ, "ಪಾಪ, ಇನ್ನೂ ತಲಿ ನೆಟ್ಟಗಾಗಿಲ್ಲೇನ್ರಿ?" ಎಂದಳು.

"ಇಲ್ರಿ," ಎಂದ ಅತ್ತೆ, ಮುಂದಿನ ಶಿಬಿರ ಯಲ್ಲಾಪುರದಲ್ಲಿ ಎಲ್ಲಿ ನಡೆಯುತ್ತದೆಂದು ಅವಳಿಗೆ ವಿವರವಾಗಿ ಹೇಳತೊಡಗಿದರು. ಆ ಹುಡುಗಿ ನನ್ನನ್ನೇ ನೋಡುತ್ತ ನಿಂತಿದ್ದಳು.