ಬೇಗ ಬರುವವರ ಮಹಡಿ

ಮಗ ಒಂದನೇ ತರಗತಿಗೆ ಸೇರಿದ ವರ್ಷ ನಮ್ಮ ಸರಕಾರಿ ಕಚೇರಿಯಲ್ಲಿ ಹೊಸ ಸವಲತ್ತೊಂದು ಬಂತು. ಮನೆಯಲ್ಲಿ ಚಿಕ್ಕ ಮಕ್ಕಳೋ ಕಾಯಿಲೆಯವರೋ ಇದ್ದವರು ಬೆಳಿಗ್ಗೆ ಎಂಟಕ್ಕೇ ಬಂದು ಸಂಜೆ ಬೇಗ ಹೊರಡಬಹುದಿತ್ತು. ಭಾಂಡುಪ್‌ನಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಗ್ರಾಂಟ್ ರೋಡಿಗೆ ಬರುತ್ತಿದ್ದ ನಾನು ಮೊದಲ ದಿನವೇ ಒಪ್ಪಿಕೊಂಡೆ. ಶಾಲೆಯಿಂದ ಬಂದ ಮಗ ಪಕ್ಕದ ಮನೆಯ ಬಾಗಿಲಲ್ಲಿ ನನಗಾಗಿ ಕಾಯುವುದು ತಪ್ಪಿತು.

ನಮ್ಮ ಮಹಡಿಯಲ್ಲಿ ಈ ಸವಲತ್ತು ಪಡೆದ ಇನ್ನೊಬ್ಬಳು ವಿಜಯಪುರದ ಕಡೆಯವಳು, ನನಗಿಂತ ಚಿಕ್ಕವಳು, ಸಯನ್‌ನ ಚಾಳಿನ ಒಂದು ಕೋಣೆಯಲ್ಲಿ ಇದ್ದಳು. ಅವಳ ಗಂಡನ ಮೂತ್ರಪಿಂಡ ಕೆಟ್ಟಿತ್ತು. ದಿನ ಬಿಟ್ಟು ದಿನ ಸಂಜೆ ಡಯಾಲಿಸಿಸ್. ಅವಳು ಕೈ ಹಿಡಿಯದೆ ಅವನು ಚಾಳಿನ ಮೆಟ್ಟಿಲು ಇಳಿಯುತ್ತಿರಲಿಲ್ಲ.

ಜವಾನ ಬೀಗ ತೆಗೆದು ಚಹಾಕ್ಕೆ ಹೋದರೆ ಇಡೀ ಮಹಡಿಯಲ್ಲಿ ನಾವಿಬ್ಬರೇ. ಆ ಮೌನದಲ್ಲೇ ಒಂದು ದಿನ ತಲೆಯ ಮೇಲೆ ಒಣಕಡ್ಡಿ ಮುರಿದಂಥ ಸದ್ದು ಕೇಳಿತು.

"ಅಕ್ಕಾ, ಕೇಳಿಸ್ತೇನ್ರಿ?"

"ಇಲಿ ಇರ್ಬೇಕು ಮಾರಾಯ್ತಿ," ಎಂದೆ.

"ಇಲಿ ಆದ್ರ ಓಡ್ಯಾಡ್ತಾವ್ರಿ. ಇದು ಒಂದ ಕಡೆ ನಿಂತು ಸಪ್ಪಳಾ ಮಾಡಾಕತ್ತೈತಿ."

ಅಂದಿನಿಂದ ದಿನವೂ ಮೇಜಿನ ಮೇಲೆ ತೆಳುವಾಗಿ ಬಿಳಿ ಪುಡಿ ಇರುತ್ತಿತ್ತು. ಅವಳು ಸೆರಗಿನಿಂದ ಒರೆಸುತ್ತಿದ್ದಳು. ಹತ್ತು ಗಂಟೆಗೆ ಎಲ್ಲರೂ ಬಂದು ಫ್ಯಾನು, ಫೋನು, ಕುರ್ಚಿ ಎಳೆಯುವ ಗದ್ದಲ ಶುರುವಾದರೆ ಸದ್ದು ಅಡಗಿಹೋಗುತ್ತಿತ್ತು. ಹೇಳಿದರೆ ನಕ್ಕರು. ದೂರು ಕೊಟ್ಟೆವು. ಮಧ್ಯಾಹ್ನ ಬಂದ ಇಂಜಿನಿಯರು ಕೋಲಿನಿಂದ ಅಲ್ಲಲ್ಲಿ ತಟ್ಟಿ, ಹಳೇ ಬಿಲ್ಡಿಂಗ್ ಇರುವುದೇ ಹೀಗೆ ಎಂದು ಹೊರಟುಹೋದ. ಟ್ಯೂಬ್‌ಲೈಟಿನ ಪಕ್ಕದ ಬಿರುಕು ಮಾತ್ರ ಕಂಬದ ಕಡೆಗೆ ಬೆಳೆಯುತ್ತಲೇ ಇತ್ತು. ನಾವಿಬ್ಬರೇ ನಮ್ಮ ಮೇಜುಗಳನ್ನು ಬಾಗಿಲ ಬಳಿಗೆ ಎಳೆದುಕೊಂಡೆವು. ನೋಡಲು ಚೆನ್ನಾಗಿಲ್ಲವೆಂದು ಸಾಹೇಬರು ಅವನ್ನು ಮತ್ತೆ ಸಾಲಿಗೆ ಸೇರಿಸಿದರು.

ಮಳೆಗಾಲದ ಒಂದು ಬೆಳಿಗ್ಗೆ ನಾನು ಒದ್ದೆ ಕೊಡೆಯನ್ನು ಬಾಗಿಲ ಹಿಂದೆ ಇಡುತ್ತಿದ್ದೆ. ಮೊದಲು ಪಾದದಡಿ ನೆಲ ನಡುಗಿತು. ತಿರುಗಿ ನೋಡಿದರೆ ಕೋಣೆಯೆಲ್ಲ ಬಿಳಿ. ಅವಳನ್ನು ಕೂಗಿದೆ. ಮತ್ತೆ ಕೂಗಿದೆ. ಧೂಳಿನೊಳಗಿಂದ ಕೆಮ್ಮು ಕೇಳಿದ ಕಡೆಗೆ ಓಡಿದೆ. ಅವಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕಬ್ಬಿಣದ ಸರಳು ತೋಳನ್ನು ಸೀಳಿತ್ತು. ನಡುವಿನ ಸಾಲಿನ ಕುರ್ಚಿಗಳ ಮೇಲೆ ಛಾವಣಿಯ ತುಂಡುಗಳು ಬಿದ್ದಿದ್ದವು. ಇನ್ನಷ್ಟು ಹೊತ್ತು ಕಳೆದಿದ್ದರೆ ಆ ಕುರ್ಚಿಗಳಲ್ಲಿ ಜನ ಇರುತ್ತಿದ್ದರು.

ಕೆಲವು ದಿನಗಳ ನಂತರ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಬೆಳಗಾವಿಯವರು, ಮೆತ್ತಗೆ ಮಾತಾಡುವವರು.

"ನಿಮ್ಮ ಕಾಳಜಿಗೇ ಹೇಳ್ತೀನವ್ವ. ಖಾಲಿ ಆಫೀಸಿನ್ಯಾಗ ನಿಮಗ ಏನಾರ ಆದ್ರ ಜವಾಬ್ದಾರಿ ಯಾರ್ದು? ನಾಳಿಂದ ಎಲ್ಲಾರಂಗ ಹತ್ತಕ್ಕ ಬರ್ರಿ."

ಅವಳು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಸಾಹೇಬ್ರ, ಚತ್ತ ಬಿದ್ದದ್ದು ನಾವು ಲಗೂ ಬಂದಿದ್ದಕ್ಕಲ್ರಿ," ಎಂದಳು.

ಅವರು ಮೊಬೈಲ್ ಕೈಗೆತ್ತಿಕೊಂಡರು. "ನನ್ನ ಕೈಯಾಗ ಏನೂ ಇಲ್ಲ," ಎಂದರು.

ಈಗ ಅವಳ ಗಂಡನ ಡಯಾಲಿಸಿಸ್ ಬೆಳಗಿನ ಜಾವಕ್ಕೆ ಬದಲಾಗಿದೆ. ಅವನನ್ನು ಚಾಳಿಗೆ ಮುಟ್ಟಿಸಿ ಅಲ್ಲಿಂದಲೇ ಓಡಿ ಬರುತ್ತಾಳೆ. ಕೆಲವೊಮ್ಮೆ ಕೂತಲ್ಲೇ ಕಣ್ಣು ಮುಚ್ಚುತ್ತಾಳೆ, ನಾನು ಎಬ್ಬಿಸುವುದಿಲ್ಲ. ಬಿದ್ದ ಜಾಗಕ್ಕೆ ತಗಡು ಹೊದಿಸಿದ್ದಾರೆ. ಉಳಿದ ಛಾವಣಿಗೆ ಕಬ್ಬಿಣದ ಕಂಬಗಳನ್ನು ಆನಿಸಿ ನಿಲ್ಲಿಸಿ, ಇದು ತಾತ್ಕಾಲಿಕ ವ್ಯವಸ್ಥೆ ಎಂದಿದ್ದರು. ಅದಾದ ಮೇಲೆ ಮತ್ತೊಂದು ಮಳೆಗಾಲವೂ ಮುಗಿಯಿತು.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಟಿಫಿನ್ ಚೀಲವನ್ನು ಅದರಲ್ಲೊಂದು ಕಂಬಕ್ಕೆ ನೇತುಹಾಕಿ ಕೆಳಗೇ ಕೂರುತ್ತಾಳೆ. ಬೇರೆ ಕಡೆ ಕೂರು ಮಗಾ ಎಂದು ಮೊನ್ನೆ ಹೇಳಿದೆ.

"ಖಂಬಾ ಉಂಟಲ್ಲ ಆಂಟಿ, ಟೆನ್ಶನ್ ಯಾಕೆ?" ಎಂದು ನಕ್ಕಳು.

ಅವಳ ಚಪ್ಪಲಿಯ ಪಕ್ಕದಲ್ಲಿ ಕಂಬದ ಬುಡ ತುಕ್ಕು ಹಿಡಿದು ಪದರು ಪದರಾಗಿ ಏಳುತ್ತಿತ್ತು.