ಸುಮಿತ್ರಾ ಕೊಡಿಸಿದ ದನಿ

ಬೆಳಕು ಇನ್ನೂ ಅರೆನಿದ್ದೆಯಲ್ಲಿದೆ. ಚಿತ್ರದುರ್ಗದ ಹೊರವಲಯದ ಸ್ನಾತಕೋತ್ತರ ಕೇಂದ್ರದ ಗ್ರಂಥಾಲಯದಲ್ಲಿ ಸುಮಿತ್ರಾ ಕಿಟಕಿ ತೆರೆಯುತ್ತಾರೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಮಂಜಿನೊಳಗೆ ಮೆಲ್ಲಗೆ ತಿರುಗುತ್ತಿವೆ. ಆಮೇಲೆ ಅವರು ಕಂಪ್ಯೂಟರುಗಳ ಸಾಲಿನುದ್ದಕ್ಕೂ ಗುಂಡಿ ಒತ್ತುತ್ತಾ ಹೋಗುತ್ತಾರೆ. ಮಸುಕು ಕೋಣೆಯಲ್ಲಿ ಒಂದೊಂದೇ ಪರದೆ ನೀಲಿಯಾಗಿ ಕಣ್ಣು ಬಿಡುತ್ತದೆ.

"ಇವಕ್ಕೆ ವಯಸ್ಸಾಗೈತೆ. ಎದ್ದೇಳಾಕೆ ಹೊತ್ತು ಬೇಕು" ಎನ್ನುತ್ತಾರೆ.

ತುರುವನೂರಿನ ಸುಮಿತ್ರಾ ಇಲ್ಲಿಗೆ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸಕ್ಕೆ ಬಂದವರು. ಸಂಜೆ ತರಗತಿಗಳಲ್ಲಿ ಕಂಪ್ಯೂಟರ್ ಕಲಿತು ಸಹಾಯಕಿಯಾದರು. ಯಾವ ಯಂತ್ರ ಕೊಳ್ಳಬೇಕು, ಯಾವುದನ್ನು ಇನ್ನೊಂದು ವರ್ಷ ದೂಡಬಹುದು ಎಂಬ ಯೋಜನೆಯ ಮೊದಲ ಕರಡು ಅವರದೇ. ದಿನಕ್ಕೆ ಮುನ್ನೂರರಷ್ಟು ಮಂದಿ ಬಂದುಹೋಗುವ ಈ ಜಾಗದಲ್ಲಿ ಅದು ಹೆಚ್ಚಿನವರಿಗೆ ಗೊತ್ತಿಲ್ಲ.

ಕಳೆದ ವರ್ಷ ಅನುದಾನ ಅರ್ಧಕ್ಕಿಳಿಯಿತು. ಕೆಲವಾದರೂ ಹೊಸ ಕಂಪ್ಯೂಟರ್ ಬರಲಿ ಎಂದು ವಿದ್ಯಾರ್ಥಿಗಳು ಪಟ್ಟು ಹಿಡಿದಿದ್ದರು. ಆಗಷ್ಟೇ ಭರಮಸಾಗರದ ಕನಕರಾಜ್ ಇತಿಹಾಸ ಎಂ.ಎ.ಗೆ ಸೇರಿದ್ದ. ಅವನಿಗೆ ಕಣ್ಣು ಕಾಣುವುದಿಲ್ಲ. ಗೆಳೆಯರು ಬಿಡುವಾದಾಗ ಓದಿ ಹೇಳಬೇಕಿತ್ತು; ಯಾರೂ ಸಿಗದ ದಿನ ಮುಚ್ಚಿದ ಪುಸ್ತಕದ ಮೇಲೆ ಕೈಯಿಟ್ಟು ಕೂತಿರುತ್ತಿದ್ದ.

"ಒಂದಿನ, ಓದು ಬಿಟ್ಟು ಊರಿಗೆ ಹೋಗ್ತೀನಕ್ಕ ಅಂದ. ಅವತ್ತು ನಂಗೆ ಅನ್ನ ಸೇರ್ಲಿಲ್ಲ" ಎನ್ನುತ್ತಾರೆ ಸುಮಿತ್ರಾ.

ಸುಮಿತ್ರಾ ಕರಡು ಬದಲಿಸಿದರು. ಹಳೆಯ ಕಂಪ್ಯೂಟರುಗಳಿಗೇ ಬಿಡಿಭಾಗ ಹಾಕಿಸುವುದು. ಉಳಿದ ಹಣದಲ್ಲಿ, ಪುಟವನ್ನು ಕನ್ನಡದಲ್ಲಿ ಓದಿ ಹೇಳುವ ಯಂತ್ರ ತರಿಸುವುದು. ಗ್ರಂಥಪಾಲಕ ಶಿವಕುಮಾರಪ್ಪ ಹಿಂದೆ ಮುಂದೆ ನೋಡಿದರು.

"ಒಬ್ಬನಿಗೋಸ್ಕರ ಇಷ್ಟ್ಯಾಕಮ್ಮ? ಉಳಿದೋರು ಬೈತಾರೆ."

"ಬೈಲಿ ಸಾರ್. ಅವ್ರು ನಿಧಾನಕ್ಕಾದ್ರೂ ಓದ್ಕಂತಾರೆ. ಇವ್ನಿಗೆ ಓದೇ ಇಲ್ವಲ್ಲ."

ಶಿವಕುಮಾರಪ್ಪ ಕರಡನ್ನು ಇನ್ನೊಮ್ಮೆ ಓದಿ ಸಹಿ ಹಾಕಿದರು.

ಬೈಗುಳ ಬಂದೇ ಬಂತು. ಕಂಪ್ಯೂಟರ್ ನಿಧಾನವೆಂದು ಹುಡುಗರು ಇವತ್ತಿಗೂ ಗೊಣಗುತ್ತಾರೆ. ಆದರೆ ಆ ಯಂತ್ರ ಬಂದ ದಿನ ಕನಕರಾಜ್ ಕಿವಿಗೆ ಹೆಡ್‌ಫೋನ್ ಇಟ್ಟವನು ಜಾಗ ಬಿಟ್ಟು ಕದಲಲಿಲ್ಲ. ಊಟಕ್ಕೆ ಕರೆದರೆ, "ತಡೀರಿ ಅಕ್ಕ, ಈ ಅಧ್ಯಾಯ ಮುಗೀಲಿ" ಅಂದ. ಮುಖ ಕನಸು ಕಾಣುವವನ ಹಾಗಿತ್ತು. ಈ ವರ್ಷ ಆ ಯಂತ್ರದ ಸುದ್ದಿ ಕೇಳಿಯೇ ಹೊಳಲ್ಕೆರೆಯ, ಕಣ್ಣು ಕಾಣದ ಹುಡುಗಿಯೊಬ್ಬಳೂ ಬಂದು ಸೇರಿದ್ದಾಳೆ.

ನಿಮಗೇನಾಸೆ ಎಂದರೆ ಸುಮಿತ್ರಾ ನಾಚುತ್ತಾರೆ.

"ರಜೆ ಹಾಕಿ ಒಂದಿನ ಇಲ್ಲಿಗೇ ಬರ್ಬೇಕು. ಆ ಯಂತ್ರದ ಮುಂದಿನ ಕುರ್ಚೀಲಿ ಕಣ್ಣು ಮುಚ್ಕಂಡು ಕುಂತು ಒಂದು ಪುಸ್ತಕ ಪೂರ್ತಿ ಕೇಳ್ಬೇಕು. ನನ್ನ ಯಾರೂ ಕರೀಬಾರ್ದು."