ನಡುಕೋಣೆಯ ವಿಭೂತಿ

ನೀವೇನು ಓದಿದ್ದೀರಿ ಎಂದು ಯಾರಾದರೂ ಕೇಳಿದರೆ ಈಗಲೂ ನಾನು ಮಾತು ತೇಲಿಸಲು ನೋಡುತ್ತೇನೆ. ನ್ಯಾನೊ ವಿಜ್ಞಾನದಲ್ಲಿ ಪಿಎಚ್.ಡಿ.ಗೆ ಸೇರಿದ್ದೆ ಎಂದರೆ, "ಅಂದ್ರೆ ಫಿಸಿಕ್ಸಾ, ಕೆಮಿಸ್ಟ್ರಿಯಾ?" ಎಂಬ ಮರುಪ್ರಶ್ನೆ ಗ್ಯಾರಂಟಿ. ಎರಡೂ ಎಂದರೆ ಜಂಬ ಅಂದುಕೊಳ್ಳುತ್ತಾರೆ. ಮದುವೆಗೆ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಕರೆದಿರುವ ನೆಂಟರನ್ನು ನೋಡಿದ್ದೀರಲ್ಲ? ಅವರು ವಿಚಾರಿಸಿಕೊಂಡಿರುತ್ತಾರೆ ಎಂದು ಇವರು, ಇವರು ವಿಚಾರಿಸಿಕೊಂಡಿರುತ್ತಾರೆ ಎಂದು ಅವರು. ಕೊನೆಗೆ ಊಟ ಆಯ್ತಾ ಎಂದು ಕೇಳುವವರೇ ಇರುವುದಿಲ್ಲ. ತುಮಕೂರಿನಲ್ಲಿ ಐದು ವರ್ಷ ನಾನು ಅಂಥ ನೆಂಟಸ್ತನ ನಡೆಸಿದೆ.

ನನ್ನ ಪಾಡಿನದೇ ಒಂದು ಯಂತ್ರವೂ ಅಲ್ಲಿತ್ತು. ಪುಡಿಯ ಮೇಲೆ ಎಕ್ಸ್‌ರೇ ಬಿಟ್ಟು, ಅದರಲ್ಲಿರುವ ಒಂದೊಂದು ಪದಾರ್ಥಕ್ಕೂ ಅದರದೇ ಮೊನೆಗಳನ್ನು ಎಬ್ಬಿಸಿ ಗ್ರಾಫ್ ಬರೆಯುವ ಯಂತ್ರ. ಎರಡು ವಿಭಾಗಗಳು ಸೇರಿ ತರಿಸಿದ್ದರಿಂದ ಎರಡರ ನಡುವಿನ ಕೋಣೆಯಲ್ಲಿ ಕೂತಿತ್ತು. ಆಯುಧಪೂಜೆಯ ದಿನ ಆ ಕಡೆ ಫಿಸಿಕ್ಸಿನವರು ಬೂದುಗುಂಬಳ ಒಡೆದರು. ಈ ಕಡೆ ಕೆಮಿಸ್ಟ್ರಿಯವರು ತಕ್ಕಡಿಗೂ ಫ್ರಿಜ್ಜಿಗೂ ಕುಂಕುಮವಿಟ್ಟು ಕಡ್ಲೆಪುರಿ ಹಂಚಿದರು. ನಡುವಿನ ಯಂತ್ರಕ್ಕೆ ಒಂದು ಹೂವೂ ಇಲ್ಲ. ಗುಬ್ಬಿಯಿಂದ ಅವ್ವ ಕಳಿಸಿದ್ದ ಯಡಿಯೂರಿನ ವಿಭೂತಿ ಬ್ಯಾಗಿನಲ್ಲಿತ್ತು. ಯಂತ್ರಕ್ಕೆ ಮೂರು ಬೆರಳು ಎಳೆದು, ಪುಡಿ ತುಂಬುವ ಪುಟ್ಟ ತಟ್ಟೆಗೂ ಹಚ್ಚಿ ಕೈಮುಗಿದೆ. ಮಾರನೆಯ ದಿನ ಒರೆಸಿದೆ. ಒರೆಸುವುದರಲ್ಲಿ ನನ್ನ ಕೈ ಎಷ್ಟು ಚುರುಕು ಎಂಬುದನ್ನು ತುಮಕೂರಿನ ಸದಾಶಿವನಗರದ ನನ್ನ ಬಾಡಿಗೆ ರೂಮಿನ ಅಡುಗೆಕಟ್ಟೆಯೇ ಹೇಳಬೇಕು.

ಆ ವಾರ, ಸಂಶೋಧನೆಗೆಂದು ನಾನು ತಯಾರಿಸಿದ್ದ ಪುಡಿಯ ಗ್ರಾಫಿನಲ್ಲಿ ಹಿಂದೆಂದೂ ಇಲ್ಲದ ಮೊನೆಯೊಂದು ಎದ್ದಿತು. ಹೊಸ ಮೊನೆ ಎಂದರೆ ಹೊಸ ವಸ್ತು, ಹೊಸ ವಸ್ತು ಎಂದರೆ ಡಾಕ್ಟರೇಟು. ಫೆಲೋಶಿಪ್ಪಿನ ಕೊನೆಯ ವರ್ಷ, ಅಲ್ಲಿಯವರೆಗೆ ಕೈಗೆ ಹತ್ತಿದ್ದು ಏನೂ ಇರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗ್ರಾಫ್ ಹಿಡಿದು ಫಿಸಿಕ್ಸಿನ ಗೈಡ್ ಬಳಿ ಓಡಿದೆ. "ಯಾವ ವಸ್ತು ಅನ್ನೋದು ಕೆಮಿಸ್ಟ್ರಿ ವಿಷಯ ಕಣಮ್ಮ, ಮೇಡಂನ ಕೇಳು" ಎಂದರು. ಕೆಮಿಸ್ಟ್ರಿಯ ಗೈಡ್ ಮೇಡಂ, "ಗ್ರಾಫ್ ಅಂದ್ಮೇಲೆ ಸರ್ ನೋಡಿರ್ತಾರೆ ಬಿಡು" ಎಂದು ಸಹಿ ಹಾಕಿದರು. ಮೇಡಂ ಸಹಿ ಇದೆಯೆಂದು ಸರ್ ಕೂಡ ಹಾಕಿದರು. ಇಬ್ಬರಲ್ಲಿ ಒಬ್ಬರು ಕನ್ನಡಕ ಏರಿಸಿ ನೋಡಿದ್ದರೂ ಸಾಕಿತ್ತು. ನಾನೂ ಅದೇ ತಟ್ಟೆಯಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದೆ. ಮೊನೆ ನಿಯತ್ತಾಗಿ ಬರುತ್ತಿತ್ತು, ಬರಬರುತ್ತ ಸ್ವಲ್ಪ ಸಣ್ಣಗಾಗುತ್ತಿತ್ತು. ಸಣ್ಣಗಾಗುವುದಕ್ಕೂ ನಾನೊಂದು ಸಿದ್ಧಾಂತ ಬರೆದೆ!

ಲೇಖನ ಕಳಿಸಿದ ಪತ್ರಿಕೆಯಿಂದ, ಹೆಸರು ಗೊತ್ತಿಲ್ಲದ ಪರೀಕ್ಷಕರೊಬ್ಬರ ಪ್ರಶ್ನೆ ಬಂತು: ಇದು ಸುಣ್ಣದ ಪುಡಿಯಂತಿದೆ, ತಟ್ಟೆ ತೊಳೆದಿದ್ದಿರಾ? ಓದಿದೊಡನೆ ಕೈ ತಾನಾಗಿ ಬ್ಯಾಗಿಗೆ ಹೋಯಿತು. ಅವ್ವನ ವಿಭೂತಿಯನ್ನೇ ಪುಡಿ ಮಾಡಿ ಯಂತ್ರಕ್ಕಿಟ್ಟೆ. ಅದೇ ಜಾಗದಲ್ಲಿ ಅದೇ ಮೊನೆ. ಕೋಣೆಯ ನೆಲದ ಮೇಲೆ ಕೂತು ಅತ್ತೆ. ಪ್ರಬಂಧದಲ್ಲಿ ಆ ಮೊನೆಯೊಂದು ಬಿಟ್ಟರೆ ಇನ್ನೇನೂ ಇರಲಿಲ್ಲ.

ಗುಬ್ಬಿಗೆ ಹೋಗಿ ಅವ್ವನಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಮಿಶಿನ್ನು ಸುಳ್ಳೇನೂ ಹೇಳ್ಲಿಲ್ವಲ್ಲ ಬುಡು. ಇದ್ದದ್ನೇ ತೋರ್ಸೈತೆ." ಹೆಂಚಿನ ಮೇಲಿನ ರೊಟ್ಟಿ ಮಗುಚಿ, "ಮುಂದೇನ್ ಮಾಡ್ತೀಯೆ?" ಎಂದಳು.

"ಗೊತ್ತಿಲ್ಲ ಕಣವ್ವ."

ಫಿಸಿಕ್ಸಿನ ಕೆಲಸಕ್ಕೆ ಫಿಸಿಕ್ಸ್ ಓದಿದವರು ಬೇಕು, ಕೆಮಿಸ್ಟ್ರಿಗೆ ಕೆಮಿಸ್ಟ್ರಿಯವರು. ನಡುವಿನವರು ಬೇಕೆಂಬ ಜಾಹೀರಾತನ್ನು ನಾನಿನ್ನೂ ಕಂಡಿಲ್ಲ.

ಡಾಕ್ಟರೇಟು ಸಿಗದೆಯೇ ಫೆಲೋಶಿಪ್ ಮುಗಿದು, ನಡುಕೋಣೆಯಲ್ಲಿದ್ದ ನನ್ನ ಸಾಮಾನು ತೆಗೆಯಲು ಹೋದ ದಿನ ಮತ್ತೆ ಆಯುಧಪೂಜೆ. ಯಂತ್ರಕ್ಕೆ ಈ ಸಲ ಹೂವು ಮಾತ್ರ ಇಟ್ಟೆ. ಬ್ಯಾಗಿನಲ್ಲಿ ವಿಭೂತಿಯ ಚೂರು ಉಳಿದಿತ್ತು. ಯಾವ ವಿಭಾಗವೂ ತನ್ನದೆನ್ನದ ಆಯುಧ ಆ ಕೋಣೆಯಲ್ಲಿ ಇನ್ನೊಂದಿತ್ತಲ್ಲ, ಅದರ ಹಣೆಗೆ, ಅಂದರೆ ನನ್ನ ಹಣೆಗೇ, ಮೂರು ಬೆರಳು ಎಳೆದುಕೊಂಡೆ. ಹೊರಗೆ ಬಂದು ಎರಡೂ ವಿಭಾಗಗಳ ಬಾಗಿಲಲ್ಲಿ ನಾನೇ ಕೈಯೊಡ್ಡಿ ಪುರಿ ಇಸಿದುಕೊಂಡೆ. ಎರಡೂ ಕಡೆಯವರು ಬೊಗಸೆ ತುಂಬ ಕೊಟ್ಟರು. ಮೊದಲೇ ಕೇಳಬೇಕಿತ್ತೇನೋ ಅಂದುಕೊಂಡು, ತಿನ್ನುತ್ತಾ ಗುಬ್ಬಿ ಬಸ್ಸು ಹತ್ತಿದೆ.